ಮರಳಲ್ಲಿ ಬೆಳೆದ ಮೀನು

ಸಮುದ್ರದಲ್ಲಿ 18 ಮೀಟರ್ ಆಳಕ್ಕೆ ಇಳಿದಾಗ ಮೊದಲು ಕಂಡದ್ದು ಹುಲ್ಲು. ಹವಳದ ದಿಬ್ಬ ಮುಗಿದು ಮರಳು ಶುರುವಾಗುವ ಕಡೆ, ನೂರಾರು ಬಿಳಿ ಕಡ್ಡಿಗಳು ಎದ್ದು ನಿಂತು ಒಂದೇ ದಿಕ್ಕಿಗೆ ಬಾಗಿದ್ದವು. ಹುಲ್ಲಲ್ಲ, ಗಾರ್ಡನ್ ಈಲ್. ಬಿಲದಲ್ಲೇ ಬದುಕು ಕಳೆಯುವ ಹಾವುಮೀನು. ಇದನ್ನು ನೋಡಲಿಕ್ಕೆಂದೇ ಬಂದವನು ನಾನು. ಕ್ಯಾಮೆರಾ ಮುಂದೆ ಹಿಡಿದು ಸೀದಾ ಅವುಗಳ ಕಡೆ ಈಜಿದೆ.

ಅದೇ ತಪ್ಪಾಯಿತು. ಹತ್ತಿರದವು ಮೊದಲು ಗಿಡ್ಡವಾದವು, ಆಮೇಲೆ ಹಿಂದಿನ ಸಾಲು. ಒಂದೂ ಓಡಲಿಲ್ಲ, ತಿರುಗಲೂ ಇಲ್ಲ. ನಿಂತಲ್ಲೇ ಸುಮ್ನೆ ಕೆಳಗೆ ಜಾರಿದವು. ನೋಡನೋಡುತ್ತಲೇ ಬರೀ ಮರಳು ಉಳಿಯಿತು. ಗೈಡ್ ಅಂಗೈ ಕೆಳಗೆ ಮಾಡಿ ತೋರಿಸಿದರು: ಮಲಗು, ಅಲ್ಲಾಡಬೇಡ.

ಮಲಗಿದೆ. ನನ್ನ ಗುಳ್ಳೆಗಳ ಸದ್ದು ನನಗೇ ಜಾಸ್ತಿ ಅನಿಸತೊಡಗಿತು. ಹೊತ್ತು ಕಳೆಯಲು ಹತ್ತಿರದ ಒಂದು ಬಿಲ ನೋಡಿದೆ. ಬೆರಳು ಹೋಗುವಷ್ಟೇ ಬಾಯಿ, ಅಂಚು ಮಾತ್ರ ನುಣ್ಣಗೆ. ಇಷ್ಟು ಸಡಿಲ ಮರಳು ಕುಸಿಯದೆ ನಿಲ್ಲುವುದು ಈ ಮೀನಿನ ಲೋಳೆಯಿಂದ. ಗಟ್ಟಿ ಬಾಲದಿಂದ ಹಿಮ್ಮುಖವಾಗಿ ತೋಡುತ್ತಾ ಹೋಗುತ್ತದೆ, ಮೈಯಿಂದ ಬಿಡುವ ಲೋಳೆ ಗೋಡೆಗೆ ಗಾರೆಯ ಹಾಗೆ ಅಂಟಿಕೊಳ್ಳುತ್ತದೆ.

ಆ ಬಿಲದಲ್ಲಿ ಏನೋ ಹೊಳೆಯಿತು. ಕಣ್ಣು! ಪುಟ್ಟ ತಲೆಗೆ ಹೊಂದದಷ್ಟು ದೊಡ್ಡದು. ಅದರ ಕೆಳಗೆ ಮೇಲ್ಮುಖವಾಗಿ ತಿರುಗಿದ ಬಾಯಿ, ಮುನಿಸಿಕೊಂಡ ಮುದುಕನ ಹಾಗೆ. ತಲೆ ಒಂದು ಬೆರಳು ಮೇಲೆ ಬಂತು, ನಿಂತಿತು. ಮತ್ತೆ ಒಂದು ಬೆರಳು. ಬಿಳಿ ಮೈ ತುಂಬಾ ಸಾಸಿವೆಯಂಥ ಕಪ್ಪು ಚುಕ್ಕೆ, ಕಿವಿರಿನ ಹತ್ತಿರ ಒಂದು ದೊಡ್ಡ ಮಚ್ಚೆ. ಪೂರ್ತಿ ಉದ್ದ ಸುಮಾರು 40 ಸೆಂಟಿಮೀಟರ್ ಇರುತ್ತದೆ, ದಪ್ಪ ಕಿರುಬೆರಳಿನಷ್ಟು. ಆದರೆ ಬಾಲ ಮಾತ್ರ ಬಿಲ ಬಿಟ್ಟು ಬರುವುದಿಲ್ಲ.

ಈ ಚುಕ್ಕೆಯ ಜಾತಿಗೆ 1959ರಲ್ಲಿ ಹೆಸರಿಟ್ಟಾಗ, ಆಸ್ಟ್ರಿಯಾದ ಮುಳುಗುಗಾರ ಹಾನ್ಸ್ ಹಾಸ್ ಅವರ ಹೆಸರನ್ನೇ ಸೇರಿಸಿದರು. ಅವರೂ ಹೀಗೆ ಹೊಟ್ಟೆಯ ಮೇಲೆ ಮಲಗಿ ಕಾದಿರಬೇಕು, ಅಲ್ವಾ?

ಹರಿವಿಗೆ ಮುಖ ಮಾಡಿ ಅದು ಊಟ ಶುರುಮಾಡಿತು. ತಲೆ ಚಕ್ಕನೆ ಮುಂದೆ, ಮತ್ತೆ ಹಿಂದೆ. ತೇಲಿ ಬರುವ ಪ್ಲಾಂಕ್ಟನ್ ಎಂಬ ಪುಟಾಣಿ ಜೀವಿಗಳು ನನ್ನ ಕಣ್ಣಿಗೆ ಕಾಣಲೇ ಇಲ್ಲ. ಅದಕ್ಕೆ ಆ ದೊಡ್ಡ ಕಣ್ಣು ಬೇಕು ಅಂತ ಆಗ ಹೊಳೆಯಿತು. ಪಕ್ಕದಲ್ಲಿ ಇನ್ನೊಂದು ಎದ್ದಿತು, ಆಚೆ ಮತ್ತೆರಡು. ನಿಧಾನಕ್ಕೆ ಕ್ಯಾಮೆರಾ ಎತ್ತಿದೆ. ಎಲ್ಲಾ ಮಾಯ!

ಸಿಲಿಂಡರಿನಲ್ಲಿ ಗಾಳಿ ಕಮ್ಮಿಯಾಗಿತ್ತು, ಮೇಲೆ ಹೊರಟೆವು. ಏಳೆಂಟು ಮೀಟರ್ ಏರಿ ಕೆಳಗೆ ನೋಡಿದರೆ ಹುಲ್ಲು ಮತ್ತೆ ಬೆಳೆದಿತ್ತು, ನಾನು ಮಲಗಿದ್ದ ಗುರುತಿನ ಪಕ್ಕದಲ್ಲೂ. ದೋಣಿಯಲ್ಲಿ ಫೋಟೋ ತೆರೆದೆ. ಒಟ್ಟು ಹನ್ನೆರಡು. ಹನ್ನೊಂದರಲ್ಲಿ ಬರೀ ಮರಳು, ಒಂದರಲ್ಲಿ ನನ್ನ ಹೆಬ್ಬೆರಳು.