ಸ್ಕ್ರೀಮಡೆಲಿಕದಲ್ಲಿ ಅಂಥದ್ದೇನಿದೆ?

ಸ್ಕ್ರೀಮಡೆಲಿಕ ಅಂದರೆ ಪ್ರೈಮಲ್ ಸ್ಕ್ರೀಮ್ ಅನ್ನುವ ಸ್ಕಾಟ್ಲೆಂಡಿನ ರಾಕ್ ಬ್ಯಾಂಡಿನ ಆಲ್ಬಂ. ನನ್ನ ಜೊತೆ ಹಾಡುಗಳ ಮಾತಿಗೆ ಕೂತವರು ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. 'ಯಾವಾಗ ನೋಡಿದರೂ ಸ್ಕ್ರೀಮಡೆಲಿಕ ಅಂತೀಯಲ್ಲ. ನಾನೂ ಹಾಕಿ ನೋಡಿದೆ. ಒಂದೇ ಬೀಟು ಸುತ್ತುತ್ತಾ ಇರುತ್ತದೆ. ಬ್ಯಾಂಡಿನ ಗಾಯಕ ಎಷ್ಟೋ ಹೊತ್ತು ಬಾಯೇ ಬಿಡುವುದಿಲ್ಲ. ಅದರಲ್ಲಿ ಅಂಥದ್ದೇನಿದೆ?'

ನಾನು ತಕ್ಷಣ ಉತ್ತರ ಹೇಳುವುದಿಲ್ಲ. ಎರಡು ಹಾಡು ಹಾಕುತ್ತೇನೆ.

ಮೊದಲನೆಯದು 'ಐ ಆಮ್ ಲೂಸಿಂಗ್ ಮೋರ್ ದ್ಯಾನ್ ಐಲ್ ಎವರ್ ಹ್ಯಾವ್'. ಗ್ಲಾಸ್ಗೋದ ಅದೇ ಪ್ರೈಮಲ್ ಸ್ಕ್ರೀಮ್ ಬ್ಯಾಂಡಿನದು, ಸ್ಕ್ರೀಮಡೆಲಿಕಕ್ಕಿಂತ ಮೊದಲು, 1989ರಲ್ಲಿ ಬಂದ ಅವರ ಎರಡನೇ ಆಲ್ಬಮ್ಮಿನಲ್ಲಿದೆ. ಪ್ರೀತಿ ಕೈತಪ್ಪಿದವನ ಹಾಡು. ನಿಧಾನ. ಗಾಯಕ ಬಾಬಿ ಗಿಲೆಸ್ಪಿಯ ದನಿ ತೆಳು, ಈಗ ಮುರಿಯಿತೋ ಆಗ ಮುರಿಯಿತೋ ಅನ್ನುವ ಹಾಗೆ. ಕೊನೆಕೊನೆಗೆ ಹಾಡು ಕಾವೇರುತ್ತದೆ, ಟ್ರಂಪೆಟ್ಟು ಸ್ಯಾಕ್ಸಫೋನುಗಳು ಸೇರಿಕೊಳ್ಳುತ್ತವೆ. ನನಗೆ ಇಷ್ಟದ ಹಾಡೇ. ಆದರೆ ರೋಲಿಂಗ್ ಸ್ಟೋನ್ಸ್ ಬ್ಯಾಂಡು ಇಪ್ಪತ್ತು ವರ್ಷ ಮೊದಲೇ ತುಳಿದ ದಾರಿಯದು.

ಎರಡನೆಯದು 'ಲೋಡೆಡ್'. 1990ರದ್ದು. ಅದೇ ಹಾಡು! ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಇದು ಹೇಗಾಯಿತು ಅಂತ ತಿಳಿಯಲು ಆಗಿನ ಬ್ರಿಟನ್ ಗೊತ್ತಿರಬೇಕು. 1988ರ ಬೇಸಿಗೆಯಿಂದ ಅಲ್ಲಿ ಆಸಿಡ್ ಹೌಸ್ ಅನ್ನುವ ಕುಣಿತದ ಸಂಗೀತದ ಹುಚ್ಚು ಹಿಡಿದಿತ್ತು. ಶಿಕಾಗೋದಿಂದ ಬಂದ ಯಂತ್ರದ ತಾಳ, ಜೊತೆಗೆ ಎಕ್ಸ್‌ಟಸಿ ಅನ್ನುವ ಮಾದಕ ಗುಳಿಗೆ. ಖಾಲಿ ಗೋದಾಮುಗಳಲ್ಲಿ, ಲಂಡನ್ ಸುತ್ತಲಿನ ಎಂ25 ರಸ್ತೆಯ ಆಚೆ ಹೊಲಗಳಲ್ಲಿ ಸಾವಿರಾರು ಜನ ಬೆಳಗಾಗುವ ತನಕ ಕುಣಿಯುತ್ತಿದ್ದರು. ಗಿಟಾರ್ ಬ್ಯಾಂಡುಗಳ ಹುಡುಗರು ಒಂದು ಕಡೆ, ಕುಣಿಯುವವರು ಇನ್ನೊಂದು ಕಡೆ. ಆಂಡ್ರ್ಯೂ ವೆದರಾಲ್ ಕುಣಿಯುವವರ ಕಡೆಯ ಡಿಜೆ. ಆದರೆ ಪ್ರೈಮಲ್ ಸ್ಕ್ರೀಮ್‌ನ ಆ ನಿಧಾನದ ಹಾಡು ಆತನಿಗೆ ತುಂಬಾ ಹಿಡಿಸಿತ್ತು. ಅದನ್ನು ರೀಮಿಕ್ಸ್ ಮಾಡಲು ಬ್ಯಾಂಡು ಆತನ ಕೈಗೆ ಕೊಟ್ಟಿತು. ಸ್ಟುಡಿಯೋದ ಅನುಭವ ಆತನಿಗೆ ಅಷ್ಟಕ್ಕಷ್ಟೇ. ಮೊದಲು ಹೆದರಿಕೊಂಡೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ತಂದ. ಗಿಟಾರಿಸ್ಟ್ ಆಂಡ್ರ್ಯೂ ಇನ್ನೆಸ್ ಅದನ್ನು ಕೇಳಿ, ಹೀಗಲ್ಲ, ಪೂರ್ತಿ ಒಡೆದು ಹಾಕು ಅಂದ.

ಒಡೆದ. ಪ್ರೀತಿ, ವಿರಹದ ಸಾಲುಗಳನ್ನೆಲ್ಲ ಎತ್ತಿ ಹೊರಗಿಟ್ಟ. ಶುರುವಿಗೆ 1966ರ ಒಂದು ಬೈಕ್ ಗ್ಯಾಂಗ್ ಸಿನಿಮಾದಿಂದ ಪೀಟರ್ ಫೋಂಡಾನ ಮಾತು ತಂದು ಕೂರಿಸಿದ. ನಮಗೆ ಬಿಡುಗಡೆ ಬೇಕು, ನಮಗೆ ಇಷ್ಟ ಬಂದ ಹಾಗೆ ಇರಬೇಕು ಅನ್ನುವ ಮಾತು. ಆಮೇಲೆ ಡ್ರಮ್ಮು ಬೀಳುತ್ತದೆ. ಅದು ಬ್ಯಾಂಡಿನದ್ದಲ್ಲ, ಬೇರೆ ರೆಕಾರ್ಡಿನಿಂದ ತಂದ ತುಣುಕು. ವೇಗ ನಿಮಿಷಕ್ಕೆ ನೂರು ಬಡಿತವೂ ಇಲ್ಲ. ಉಳಿದ ಡ್ಯಾನ್ಸ್ ಹಾಡುಗಳು 120ರಲ್ಲಿ ಓಡುತ್ತಿದ್ದಾಗ ಇದು ಆರಾಮಾಗಿ ತೋಳು ಬೀಸಿಕೊಂಡು ನಡೆಯುತ್ತದೆ. ಮೂಲ ಹಾಡಿನ ಕೊನೆಯಲ್ಲಿ ಸುಮ್ನೆ ಬಂದುಹೋಗುತ್ತಿದ್ದ ಆ ಟ್ರಂಪೆಟ್ಟುಗಳು ನೆನಪಿವೆಯಲ್ಲ? ಇಲ್ಲಿ ಅವೇ ಹಾಡು. ಮೊದಲು ಬಾಲವಾಗಿದ್ದದ್ದು ಈಗ ತಲೆ. ಏಳು ನಿಮಿಷ ಹೋಗಿದ್ದೇ ಗೊತ್ತಾಗುವುದಿಲ್ಲ. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು 16ನೇ ಸ್ಥಾನಕ್ಕೆ ಹೋಯಿತು.

ನನ್ನ ಉತ್ತರ ಇಲ್ಲೇ ಇದೆ. ತನ್ನ ಹಾಡಿನಲ್ಲಿ ತನ್ನ ದನಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವುದನ್ನು ಗಿಲೆಸ್ಪಿ ಕೇಳಿಸಿಕೊಂಡ, ಒಪ್ಪಿಕೊಂಡ. ಹೊರಗೆ ತಂದ. ಹಾಡುಗಾರನಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಆತ ಮೊದಲು ಜೀಸಸ್ ಆಂಡ್ ಮೇರಿ ಚೈನ್ ಬ್ಯಾಂಡಿನಲ್ಲಿ ಡ್ರಮ್ಮರ್ ಆಗಿದ್ದವನು. ನಿಂತುಕೊಂಡೇ ಎರಡು ಡ್ರಮ್ಮು ಬಾರಿಸುತ್ತಿದ್ದ, ಅಷ್ಟೇ. ಕಡಿಮೆ ಮಾಡಿದರೂ ಸಾಕಾಗುತ್ತದೆ ಅನ್ನುವುದು ಆಗಲೇ ಆತನಿಗೆ ಗೊತ್ತಾಗಿರಬೇಕು ಅಂತ ನನಗೆ ಅನ್ನಿಸುತ್ತದೆ.

ಆಮೇಲೆ 'ಲೋಡೆಡ್' ಇರುವ ಇಡೀ ಸ್ಕ್ರೀಮಡೆಲಿಕ ಆಲ್ಬಮ್ಮೇ ಹೀಗೆ ಬಾಗಿಲು ತೆರೆದಿಟ್ಟ ಮನೆಯಾಯಿತು. 'ಡೋಂಟ್ ಫೈಟ್ ಇಟ್, ಫೀಲ್ ಇಟ್' ಪೂರ್ತಿ ಡೆನಿಸ್ ಜಾನ್ಸನ್ ಹಾಡಿದ್ದು. 'ಹೈಯರ್ ದ್ಯಾನ್ ದ ಸನ್' ಕಟ್ಟಿದ್ದು ದಿ ಆರ್ಬ್ ಅನ್ನುವ ಎಲೆಕ್ಟ್ರಾನಿಕ್ ಸಂಗೀತದ ತಂಡ. ಅದೇ ಹಾಡು ಇನ್ನೊಂದು ರೂಪದಲ್ಲಿ ಮತ್ತೆ ಬರುವಾಗ ಜಾ ವಾಬಲ್‌ನ ಬಾಸ್ ಗಿಟಾರು ನೆಲದ ಅಡಿಯಿಂದ ಬಂದ ಹಾಗೆ ಬರುತ್ತದೆ. ಒಳ್ಳೆಯ ಸ್ಪೀಕರ್ ಇದ್ದರೆ ಎದೆಗೂಡಿನಲ್ಲಿ ಕೇಳಿಸುತ್ತದೆ. ಇನ್ನು 'ಕಮ್ ಟುಗೆದರ್'. ಹತ್ತು ನಿಮಿಷ. ಅಮೆರಿಕದ ಕಪ್ಪು ಜನರ ನಾಯಕ ಜೆಸ್ಸಿ ಜಾಕ್ಸನ್ 1972ರಲ್ಲಿ ಲಾಸ್ ಏಂಜಲೀಸಿನ ವಾಟ್‌ಸ್ಟ್ಯಾಕ್ಸ್ ಉತ್ಸವದಲ್ಲಿ ಆಡಿದ ಮಾತು ಮೊದಲು. ಹಿಂದಿನಿಂದ ಚರ್ಚಿನ ಗಾಸ್ಪೆಲ್ ಮೇಳದಂತೆ ದನಿಗಳು. ಗಿಲೆಸ್ಪಿ ಇಲ್ಲಿಯೂ ಹಾಡುವುದಿಲ್ಲ. ಆ ದನಿಗಳು ಮೊದಲ ಸಲ ಒಟ್ಟಿಗೆ ಮೇಲೇಳುವ ಜಾಗದಲ್ಲಿ ನನಗೆ ಇವತ್ತಿಗೂ ಕಣ್ಣು ತುಂಬುತ್ತದೆ.

ಸ್ಟೋನ್ಸ್‌ನ ದೊಡ್ಡ ಆಲ್ಬಮ್ಮುಗಳನ್ನು ಮಾಡಿದ ಜಿಮ್ಮಿ ಮಿಲ್ಲರ್ ಕೂಡ ಎರಡು ಹಾಡಿಗೆ ಕೈ ಹಚ್ಚಿದ್ದಾನೆ. ಹಳೆಯ ದಾರಿಯನ್ನು ಅವರು ಬಿಟ್ಟಿರಲಿಲ್ಲ.

ಮುಖಚಿತ್ರದ ಕೆಂಪು ಹಿನ್ನೆಲೆಯ ಸೂರ್ಯನನ್ನು ನೀವು ಎಲ್ಲಾದರೂ ಟೀ ಶರ್ಟಿನ ಮೇಲೆ ನೋಡಿಯೇ ಇರುತ್ತೀರಿ. ಪಾಲ್ ಕ್ಯಾನಲ್ ಬರೆದದ್ದು. ಆಲ್ಬಂ ಹೊರತಂದ ಕ್ರಿಯೇಷನ್ ರೆಕಾರ್ಡ್ಸ್ ಕಂಪನಿಯ ಕಚೇರಿಯ ಚಾವಣಿಯಲ್ಲಿ ನೀರು ಇಂಗಿ ಆದ ಕಲೆ ನೋಡಿ ಹೊಳೆಯಿತಂತೆ. 2010ರಲ್ಲಿ ಬ್ರಿಟನ್ ಅಂಚೆ ಇಲಾಖೆ ಅದನ್ನು ಸ್ಟ್ಯಾಂಪಿನ ಮೇಲೆ ಹಾಕಿತು. ಆಲ್ಬಂ ಬಂದದ್ದು 1991ರ ಸೆಪ್ಟೆಂಬರಿನಲ್ಲಿ. ಮರುವರ್ಷ, ಬ್ರಿಟನ್ನಿನಲ್ಲಿ ವರ್ಷದ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ಮೊಟ್ಟಮೊದಲು ಇದಕ್ಕೇ ಬಂತು.

ಗುಳಿಗೆ ನುಂಗದೆ ಇದು ಅರ್ಥವಾಗುತ್ತದಾ ಅಂತಲೂ ಕೆಲವರು ಕೇಳುತ್ತಾರೆ. ನಾನು ಅಂಥದ್ದನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ನನಗೆ ಆಲ್ಬಂ ಹಿಡಿಸಿದ್ದಕ್ಕೆ ಕಾರಣ ಅದರ ಏರಿಗಿಂತ ಜಾಸ್ತಿ ಅದರ ಇಳಿತ. ಹನ್ನೊಂದು ಹಾಡು, ಒಂದು ರಾತ್ರಿಯ ಹಾಗೆ ಜೋಡಿಸಿದ್ದಾರೆ. 'ಲೋಡೆಡ್' ಏಳನೆಯದು. ಅದು ಮುಗಿದ ಕೂಡಲೇ 'ಡ್ಯಾಮೇಜ್ಡ್' ಬರುತ್ತದೆ. ಬೀಟು ಮಾಯ. ಗಿಟಾರು, ಪಿಯಾನೊ, ಮತ್ತೆ ಅದೇ ಮುರಿಯುವ ದನಿಯ ಗಿಲೆಸ್ಪಿ. ಅಷ್ಟು ಹೊತ್ತು ಸುಮ್ಮನಿದ್ದವನು ಈಗ ಬಂದು ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ಮುಂದಿನದು 'ಐ ಆಮ್ ಕಮಿನ್ ಡೌನ್', ಸ್ಯಾಕ್ಸಫೋನ್ ಹೊಗೆಯಂತೆ ಸುಳಿದಾಡುತ್ತದೆ. ಎಲ್ಲಕ್ಕೂ ಕೊನೆಗೆ 'ಶೈನ್ ಲೈಕ್ ಸ್ಟಾರ್ಸ್', ಲಾಲಿಯಂಥ ಹಾಡು.

ಹೊಸಬರು ಹೆಚ್ಚಾಗಿ 'ಲೋಡೆಡ್' ಮುಗಿದ ಮೇಲೆ ಕೈಬಿಡುತ್ತಾರೆ. ಅಲ್ಲಿ ಸ್ಕಿಪ್ ಒತ್ತಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ವೆದರಾಲ್ 2020ರ ಫೆಬ್ರವರಿಯಲ್ಲಿ ತೀರಿಕೊಂಡ, ಅದೇ ವರ್ಷ ಡೆನಿಸ್ ಜಾನ್ಸನ್ ಕೂಡ ಹೋದಳು. ಆ ಎರಡೂ ಸುದ್ದಿ ಬಂದ ರಾತ್ರಿಗಳಲ್ಲಿ ನಾನು ಆಲ್ಬಮ್ಮನ್ನು ಮೊದಲಿನಿಂದ ಹಾಕಿದೆ. 'ಡ್ಯಾಮೇಜ್ಡ್' ಬಂದಾಗ ದೀಪ ಆರಿಸಿ ಕೂತೆ. ಕೊನೆಯ ಲಾಲಿ ಮುಗಿದ ಮೇಲೆ ಬೇರೆ ಯಾವ ಹಾಡನ್ನೂ ಹಾಕಲು ಮನಸ್ಸಾಗಲಿಲ್ಲ.