ಮೊದಲು ತಿನ್ನಿ

ಶನಿವಾರದಿಂದ ಅದೊಂದೇ ಕಣ್ಣ ಮುಂದೆ ಬರುತ್ತಿದೆ. ಆ ಅಜ್ಜ ಎರಡು ಬೆರಳಿಂದ ನನ್ನ ಗ್ಲಾಸನ್ನು ಮೆಲ್ಲಗೆ ಆಚೆ ಸರಿಸಿ "ಪ್ರೀಮಾ ಮಾಂಜಿ" ಅಂದದ್ದು. ಮೊದಲು ತಿನ್ನಿ.

ಇಟಲಿಯ ಟುರಿನ್‌ಗೆ ಬಂದು ಎರಡು ವರ್ಷವಾದರೂ ಈ ಕಡೆಯ ಹೆಸರಾಂತ ಕೆಂಪು ವೈನ್ ಬರೋಲೋವನ್ನು ನಾನು ಕುಡಿದಿರಲಿಲ್ಲ. ಲಾ ಮೊರ್ರಾ ಅನ್ನುವ ಹಳ್ಳಿಯ ಆ ಪುಟ್ಟ ಹೋಟೆಲಿನಲ್ಲಿ ಗ್ಲಾಸಿಗೆ ಬಂದದ್ದು ತೆಳು ಕೆಂಪು, ಅಂಚಿನಲ್ಲಿ ಇಟ್ಟಿಗೆ ಬಣ್ಣ. ಒಣಗಿದ ಗುಲಾಬಿ, ಅದರ ಹಿಂದೆಯೇ ಡಾಂಬರಿನ ವಾಸನೆ. ಹಗುರ ಇರಬಹುದು ಅಂತ ಒಂದು ಗುಟುಕು ಕುಡಿದೆ. ನಾಲಿಗೆ, ವಸಡು ಎಲ್ಲ ಹಿಡಿದುಕೊಂಡುಬಿಟ್ಟಿತು. ಒಗರು ಅಂದ್ರೆ ಒಗರು! ತೀರ್ಥಹಳ್ಳಿ ಕಡೆ ಅಡಿಕೆ ಬೇಯಿಸುವ ಮನೆಯಲ್ಲಿ ಬೆಳೆದವಳು ನಾನು. ಹಂಡೆಯ ಚೊಗರಿಗೆ ಬೆರಳದ್ದಿ ನೆಕ್ಕಿದ್ದು ನೆನಪಾಯಿತು. ಅದರಲ್ಲೂ ಇದರಲ್ಲೂ ಇರುವುದು ಒಗರು ಕೊಡುವ ಟ್ಯಾನಿನ್ನೇ.

ಜೊತೆಗಿದ್ದ ಸಹೋದ್ಯೋಗಿ ಗ್ಲಾಸ್ ತಿರುಗಿಸುತ್ತಾ ತೋಟದ ಹೆಸರು, ಇಸವಿ, ಬೆಲೆ ಹೇಳುತ್ತಲೇ ಇದ್ದ. ಒಳ್ಳೆಯವನೇ. ಆದರೆ ನನ್ನ ಮುಖ ನೋಡಿದ್ದು ಅವನಲ್ಲ, ಬಡಿಸುತ್ತಿದ್ದ ಅಜ್ಜ.

ಮುಂದೆ ಬಂದದ್ದು ತಾಯರಿನ್. ಕಿಲೋ ಹಿಟ್ಟಿಗೆ 30, 40 ಮೊಟ್ಟೆಯ ಹಳದಿ ಹಾಕಿ ಮಾಡುವ ಸಣ್ಣೆಳೆ ಪಾಸ್ತಾ, ಮೇಲೆ ಬೆಣ್ಣೆ, ತುರಿದ ಚೀಸ್. ನಾಲ್ಕು ತುತ್ತು ತಿಂದೆ. ಅಜ್ಜ ಅದೇ ಎರಡು ಬೆರಳಿಂದ ಗ್ಲಾಸನ್ನು ನನ್ನ ಕಡೆ ತಳ್ಳಿದರು. ಅದೇ ವೈನು, ಆದರೆ ಒಗರು ಹಿಂದೆ ಸರಿದು ಹಣ್ಣಿನ ರುಚಿ ಮುಂದೆ ಬಂದಿತ್ತು. ಒಗರು ಹೋಗಲಿ ಅಂತ ಅಮ್ಮ ಬಾಳೆಹೂವನ್ನು ಹೆಚ್ಚಿ ಮಜ್ಜಿಗೆಯಲ್ಲಿ ನೆನೆಸುತ್ತಾಳಲ್ವಾ, ಅದೇ ಲೆಕ್ಕ. ಬರೀ ಬಾಯಲ್ಲಿ ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನನ್ನೇ ಹಿಡಿಯುತ್ತದೆ. ಚೀಸು, ಮಾಂಸ ಇದ್ದರೆ ಅವುಗಳನ್ನು ಹಿಡಿಯುತ್ತದೆ, ಬಾಯಿಗೆ ಬಿಡುವು.

ಬರೋಲೋಗೆ ನೆಬ್ಬಿಯೋಲೋ ದ್ರಾಕ್ಷಿ ಬಿಟ್ಟು ಬೇರೆ ಹಾಕುವ ಹಾಗಿಲ್ಲ. ಕನಿಷ್ಠ 38 ತಿಂಗಳು ಇಡಬೇಕು, ಅದರಲ್ಲಿ 18 ಮರದ ಪೀಪಾಯಿಯಲ್ಲಿ. ಅಷ್ಟು ಕಾದರೂ ಒಗರು ಪೂರ್ತಿ ಹೋಗುವುದಿಲ್ಲ. ಅದಕ್ಕೇ ಆ ಕಡೆಯವರು ಗೋಮಾಂಸವನ್ನು ಬರೋಲೋದಲ್ಲೇ ಗಂಟೆಗಟ್ಟಲೆ ಬೇಯಿಸಿ, ಬರೋಲೋ ಜೊತೆಗೇ ತಿನ್ನುತ್ತಾರೆ. ದಿನದ ಊಟಕ್ಕೆ ಬಾರ್ಬೆರಾ ಅನ್ನುವ ಇನ್ನೊಂದು ಕೆಂಪು ವೈನ್ ಇದೆ, ಹುಳಿ ಜಾಸ್ತಿ, ಒಗರು ಕಮ್ಮಿ.

ನಮ್ಮವರ ಪಾರ್ಟಿಗಳಲ್ಲಿ ಇಂಥ ಬಾಟಲಿಯನ್ನು ಖಾಲಿ ಹೊಟ್ಟೆಗೆ, ಖಾರದ ಕಡಲೆಬೀಜದ ಜೊತೆ ತೆರೆಯುವುದನ್ನು ನೋಡಿದ್ದೇನೆ. ಖಾರ, ಒಗರು ಎರಡೂ ಸೇರಿ ಬಾಯಿ ಉರಿಯುತ್ತದೆ. ಆಮೇಲೆ "ಸುಮ್ನೆ ಹೆಸರು ದೊಡ್ಡದು" ಅಂತ ಸಿಂಕಿಗೆ ಸುರಿಯುತ್ತಾರೆ. ಮೂರು ವರ್ಷ ಕಾಯ್ದವರ ಕೆಲಸ ಅದು. ನನಗೆ ಹೊಟ್ಟೆ ಉರಿಯುತ್ತದೆ.

ಬರುವ ಭಾನುವಾರ ಅವರನ್ನೇ ಮನೆಗೆ ಕರೆದಿದ್ದೇನೆ. ಬಾಟಲಿ ತಂದಾಗಿದೆ. ಬೆಣ್ಣೆ, ಚೀಸು ಟೇಬಲ್ಲಿಗೆ ಬಂದ ಮೇಲೇ ಗ್ಲಾಸ್ ಇಡುತ್ತೇನೆ.