ಕಾಸರಗೋಡಿನ ನೇರ ಪಶ್ಚಿಮಕ್ಕೆ, ದೋಣಿಯಲ್ಲೊಂದು ಸಂಸಾರ

ಭೂಪಟದಲ್ಲಿ ಕಾಸರಗೋಡಿನ ಮೇಲೆ ಬೆರಳಿಟ್ಟು ನೇರ ಪಶ್ಚಿಮಕ್ಕೆ ಎಳೆಯುತ್ತಾ ಹೋಗಿ. ಅರಬಿ ಸಮುದ್ರ ದಾಟುವಾಗ ಸೊಕೋತ್ರಾ ದ್ವೀಪ ಸಿಗುತ್ತದೆ, ಆಮೇಲೆ ಕೆಂಪು ಸಮುದ್ರದ ಬಾಯಿ, ಇಥಿಯೋಪಿಯಾ, ಸುಡಾನ್, ಚಾಡ್, ಮಾಲಿ ದೇಶದ ಬಮಾಕೋ ಪಟ್ಟಣದ ಆಸುಪಾಸು, ಅಲ್ಲಿಂದಾಚೆ ಇಡೀ ಅಟ್ಲಾಂಟಿಕ್ ಸಾಗರ. ಅದೂ ಮುಗಿದ ಮೇಲೆ ಬೆರಳಿಗೆ ತಗಲುವ ಸಣ್ಣ ಚುಕ್ಕೆಯೇ ಕ್ಯಾರಿಯಾಕೂ. ಗ್ರೆನಡಾ ದೇಶಕ್ಕೆ ಸೇರಿದ ದ್ವೀಪ. ಅಲ್ಲೂ ಇಲ್ಲೂ ಅಕ್ಷಾಂಶ 12.5 ಡಿಗ್ರಿ. ನಾನು, ಗಂಡ, ಮಗಳು, ಮಗ, ನಾಲ್ಕೂ ಜನ ಈಗ ಅಲ್ಲಿನ ಟಿರೆಲ್ ಬೇ ಎಂಬ ಕೊಲ್ಲಿಯಲ್ಲಿ ಲಂಗರು ಹಾಕಿದ್ದೇವೆ. ಮನೆ ಅಂದರೆ 38 ಅಡಿ ಉದ್ದದ ಹಾಯಿದೋಣಿ. ದೋಣಿಗೆ ನನಗಿಂತ ವಯಸ್ಸು ಜಾಸ್ತಿ.

ಈ ದ್ವೀಪಗಳ ಸಾಲು ನಮ್ಮ ಕರಾವಳಿಯ ಹಾಗೇ ದಕ್ಷಿಣದಿಂದ ಉತ್ತರಕ್ಕೆ ಹಬ್ಬಿದೆ. ಹಾಗಾಗಿ ಕುಂಬಳೆಯಲ್ಲಿರುವ ಅತ್ತೆಗೆ ನಾವು ಎಲ್ಲಿದ್ದೇವೆ ಅಂತ ಹೇಳುವುದಕ್ಕೆ ಗಂಡ ಒಂದು ಉಪಾಯ ಮಾಡಿದ್ದಾರೆ. ಗ್ರೆನಡಾದ ರಾಜಧಾನಿ ಅಂದರೆ ಪಯ್ಯನ್ನೂರು. ಕ್ಯಾರಿಯಾಕೂ ಅಂದರೆ ಊರು. ಬೆಕ್ವೇ ಅಂದರೆ ಸುರತ್ಕಲ್. ಸೇಂಟ್ ಲೂಸಿಯಾ ಬಂದರೆ ಭಟ್ಕಳ, ಮಾರ್ಟಿನಿಕ್ ಬಂದರೆ ಗೋಕರ್ಣ ಕಾರವಾರ, ಡೊಮಿನಿಕಾ ಬಂದರೆ ಗೋವಾ. ಲೆಕ್ಕ ಸರಿಯಾಗಿಯೇ ಇದೆ, ಬೇಕಾದರೆ ಅಕ್ಷಾಂಶ ನೋಡಿಕೊಳ್ಳಿ. "ಈಗ ಎಲ್ಲಿದ್ದೀರಿ ಮಕ್ಕಳೇ, ಭಟ್ಕಳ ದಾಟಿತಾ?" ಅಂತ ಅತ್ತೆ ಕೇಳುತ್ತಾರೆ. ಪಕ್ಕದ ಮನೆಯವರಿಗೆ ಏನು ಅರ್ಥವಾಗುತ್ತದೋ ಗೊತ್ತಿಲ್ಲ.

ಅಟ್ಲಾಂಟಿಕ್ ದಾಟಿ ಬಂದಿರಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಕೆನಡಾದಲ್ಲಿದ್ದೆವು, ವಿಮಾನದಲ್ಲಿ ಬಂದು ಗ್ರೆನಡಾದಲ್ಲೇ ಹಳೇ ದೋಣಿ ಕೊಂಡೆವು. ಗಂಡ ಈಗಲೂ ಕಂಪ್ಯೂಟರ್ ಕೆಲಸ ಮಾಡುತ್ತಾರೆ, ಉಪಗ್ರಹದ ಇಂಟರ್ನೆಟ್ ಇದೆ. ಇಷ್ಟೇ ಕತೆ. "ಎಂಥಾ ಧೈರ್ಯ ಮಾರಾಯ್ತಿ ನಿಂಗೆ" ಅನ್ನುವವರಿಗೆ ಉತ್ತರ ಕೊಡುವುದಕ್ಕೇ ಈ ಬರಹ. ದೋಣಿಯಲ್ಲಿ ಇರುವುದಕ್ಕೆ ಬೇಕಾದದ್ದು ಧೈರ್ಯ ಅಲ್ಲ. ನೀರನ್ನು ಹಿಡಿತದಲ್ಲಿ ಖರ್ಚು ಮಾಡುವ ಅಜ್ಜಿಯಂದಿರ ಬುದ್ಧಿ ಬೇಕು. ಅದು ನಮ್ಮ ಕಡೆಯವರಿಗೆ ಹುಟ್ಟಿನಿಂದಲೇ ಇದೆ.

ನನ್ನ ತವರು ಬಾಯಾರಿನ ಕಡೆ. ಗುಡ್ಡೆಯ ಬದಿಯ ಮುರಕಲ್ಲನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ ಬರುವ ನೀರೇ ನಮಗೆ ಕುಡಿಯಲು, ತೋಟಕ್ಕೆ, ಎಲ್ಲದಕ್ಕೂ. ಫೆಬ್ರವರಿಯ ನೀರಿಗೂ ಏಪ್ರಿಲ್‌ನ ನೀರಿಗೂ ಧಾರೆಯಲ್ಲಿ ಎಷ್ಟು ವ್ಯತ್ಯಾಸ ಅಂತ ನೋಡಿಯೇ ಬೆಳೆದವರು ನಾವು. ಪಾತ್ರೆ ತೊಳೆದ ನೀರು ಬಸಳೆ ಬುಡಕ್ಕೆ, ಅಕ್ಕಿ ತೊಳೆದ ನೀರು ದನಕ್ಕೆ. ದೋಣಿಯ ಟ್ಯಾಂಕಿನಲ್ಲಿ ಹಿಡಿಯುವುದು 300 ಲೀಟರ್. ಊರಿನಲ್ಲಿ ಟೆರೇಸ್ ಮೇಲೆ ಕೂರಿಸುವ ಕರಿ ಟ್ಯಾಂಕಿನ ಮೂರನೇ ಒಂದು ಭಾಗವೂ ಇಲ್ಲ. ಪಾತ್ರೆಯನ್ನು ಮೊದಲು ಕಡಲ ನೀರಲ್ಲೇ ಉಜ್ಜಿ ತೊಳೆದು, ಕೊನೆಗೆ ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ಸಿಹಿನೀರು ಹೊಡೆಯುತ್ತೇವೆ. ಸ್ನಾನವೂ ಹಾಗೇ. ಕಡಲಿಗೆ ಧುಮುಕುವುದು, ಮೇಲೆ ಬಂದು ಸೋಪು, ಮತ್ತೆ ಧುಮುಕುವುದು, ಕಡೆಗೆ ಎರಡು ಲೀಟರ್ ಸಿಹಿನೀರು. ಮಗಳಿಗೆ ಉದ್ದ ಕೂದಲು, ಅವಳಿಗೆ ಒಂದು ಲೀಟರ್ ಜಾಸ್ತಿ ಕೊಡಬೇಕು ಅಂತ ಅವಳೇ ಠರಾವು ಮಾಡಿಕೊಂಡಿದ್ದಾಳೆ.

ಕಡಲ ನೀರನ್ನು ಸಿಹಿ ಮಾಡುವ ಯಂತ್ರವೂ ಇದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆ ನೀರನ್ನು 55 ಬಾರ್‌ನಷ್ಟು ಒತ್ತಡ ಹಾಕಿ ತೆಳುವಾದ ಪೊರೆಯ ಮೂಲಕ ನೂಕಿದರೆ ಉಪ್ಪು ಹಿಂದೆ ಉಳಿದು ಸಿಹಿನೀರು ಈಚೆ ಬರುತ್ತದೆ. ನಮ್ಮದು ಗಂಟೆಗೆ 30 ಲೀಟರ್ ಮಾಡುತ್ತದೆ. ಆದರೆ ಅದಕ್ಕೆ ಕರೆಂಟು ಬೇಕು, ಕರೆಂಟಿಗೆ ಬಿಸಿಲು ಬೇಕು. ಡೀಸೆಲ್ ತೇಲುವ ಬಂದರಿನ ನೀರಿನಲ್ಲಿ ಅದನ್ನು ಚಾಲೂ ಮಾಡುವ ಹಾಗೂ ಇಲ್ಲ, ಪೊರೆ ಹಾಳಾಗುತ್ತದೆ. ಹಾಗಾಗಿ ಮೋಡ ಕಟ್ಟಿತು ಅಂದರೆ ಟಾರ್ಪಾಲು ಬಿಚ್ಚಿ ಅದರ ನಡುವೆ ಪೈಪು ಸಿಕ್ಕಿಸುವುದು ಮಗನ ಕೆಲಸ. ಮೊದಲ ಐದು ನಿಮಿಷದ ಮಳೆ ಉಪ್ಪು ಧೂಳು ತೊಳೆಯಲಿಕ್ಕೆ, ಅದನ್ನು ಬಿಡಬೇಕು. ಆಮೇಲಿನದು ಟ್ಯಾಂಕಿಗೆ. ಊರಿನ ಆಟಿ ಮಳೆ ಇಲ್ಲಿ ಅರ್ಧ ಗಂಟೆ ಬಂದಿದ್ದರೂ ಸಾಕಿತ್ತು ಅಂತ ನಾನು ಎಷ್ಟು ಸಲ ಅಂದುಕೊಂಡಿದ್ದೇನೋ.

ಕ್ಯಾರಿಯಾಕೂನವರಿಗೂ ಇದೇ ಪಾಡು. ವರ್ಷಪೂರ್ತಿ ಹರಿಯುವ ಹೊಳೆ ಇಲ್ಲಿಲ್ಲ. ಮನೆ ಮನೆಯಲ್ಲೂ ಸೂರಿನ ತಗಡಿನಿಂದ ಮಳೆನೀರು ಇಳಿದು ಕಾಂಕ್ರೀಟ್ ತೊಟ್ಟಿಗೆ ಬೀಳುತ್ತದೆ, ಬೇಸಿಗೆಯಿಡೀ ಅದೇ ನೀರು. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಈ ದ್ವೀಪದ ಮೇಲೆಯೇ ಹಾದುಹೋಯಿತು. ನಾಲ್ಕನೇ ದರ್ಜೆಯದ್ದು. ಮರುದಿನ ಐದನೇ ದರ್ಜೆಗೆ ಏರಿತು, ಅಟ್ಲಾಂಟಿಕ್‌ನ ದಾಖಲೆಯಲ್ಲಿ ವರ್ಷದ ಇಷ್ಟು ಬೇಗ ಅಷ್ಟು ಜೋರಾದದ್ದು ಬೇರೆ ಇಲ್ಲ. ಇಲ್ಲಿನ ಹೆಚ್ಚುಕಡಿಮೆ ಎಲ್ಲ ಮನೆಗಳಿಗೂ ಹಾನಿಯಾಯಿತು. ಟಿವಿಯಲ್ಲಿ ಸೂರು ಹಾರಿದ್ದು ಕಾಣುತ್ತದೆ. ಸೂರು ಹಾರಿದರೆ ನೀರೂ ಹೋಯಿತು ಅನ್ನುವುದು ಕಾಣುವುದಿಲ್ಲ. ಮಳೆ ಬಂದರೂ ಹಿಡಿಯುವುದಕ್ಕೆ ತಗಡಿಲ್ಲ, ತೊಟ್ಟಿಯ ತುಂಬ ಕಸ ಕಡ್ಡಿ. ನಾವು ಆಗ ಟ್ರಿನಿಡಾಡಿನಲ್ಲಿದ್ದೆವು. ಆಮೇಲೆ ಇಲ್ಲಿಗೆ ಬಂದಾಗ ಯಂತ್ರದಲ್ಲಿ ನೀರು ಮಾಡಿ ಕ್ಯಾನ್‌ಗಳಲ್ಲಿ ದಡಕ್ಕೆ ಒಯ್ಯುತ್ತಿದ್ದೆವು, ಇತರ ದೋಣಿಗಳವರೂ ಹಾಗೇ ಮಾಡುತ್ತಿದ್ದರು. ಒಬ್ಬ ಮುದುಕಿ ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿ, ಅಂಗೈಗೆ ಸ್ವಲ್ಪ ಬಿಟ್ಟು ನಾಲಗೆಗೆ ತಾಗಿಸಿ, "ಇದಕ್ಕೆ ರುಚಿಯೇ ಇಲ್ಲ" ಅಂದು ತಗೊಂಡು ಹೋದರು. ಮಾತು ನಿಜ. ಪೊರೆಯಲ್ಲಿ ಸೋಸಿದ ನೀರಿಗೆ ಸುರಂಗದ ನೀರಿನ ರುಚಿ ಎಲ್ಲಿಂದ ಬರಬೇಕು?

ಜೂನ್ 1ರಿಂದ ನವೆಂಬರ್ 30ರ ತನಕ ಇಲ್ಲಿ ಚಂಡಮಾರುತದ ಕಾಲ. ನಮ್ಮ ಕಡೆ ಜೂನ್‌ನಲ್ಲಿ ಟ್ರಾಲಿಂಗ್ ನಿಷೇಧ ಬಂದು ಬೋಟುಗಳೆಲ್ಲ ಬಂದರು ಸೇರುತ್ತವಲ್ಲ, ಸುಮಾರು ಅದೇ ಹೊತ್ತಿಗೆ ಇಲ್ಲಿನ ಹಾಯಿದೋಣಿಗಳೂ ದಕ್ಷಿಣಕ್ಕೆ ಜಾರುತ್ತವೆ. ಹೆಚ್ಚಿನವರು ಹೋಗುವುದು ಟ್ರಿನಿಡಾಡಿಗೆ. ಅದು ಸುಮಾರು ಹತ್ತೂವರೆ ಡಿಗ್ರಿಯಲ್ಲಿದೆ, ಚಂಡಮಾರುತ ಅಲ್ಲಿಗೆ ಇಳಿಯುವುದು ಅಪರೂಪ. ದೋಣಿಯನ್ನು ಕ್ರೇನಿನಲ್ಲಿ ಎತ್ತಿ ನೆಲದ ಮೇಲೆ ಕಂಬಗಳಿಗೆ ಆನಿಸಿ ನಿಲ್ಲಿಸುತ್ತಾರೆ, ಏಣಿ ಹತ್ತಿ ಮನೆಗೆ ಹೋಗಬೇಕು. ತಳಕ್ಕೆ ಬಣ್ಣ ಬಳಿಯುವುದು, ಹಾಯಿಯ ಹೊಲಿಗೆ, ಕಕ್ಕಸಿನ ಪಂಪು ರಿಪೇರಿ ಎಲ್ಲ ಆಗಲೇ. ಕಕ್ಕಸಿನ ಪಂಪಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಊಟದ ಹೊತ್ತಿನಲ್ಲಿ ಓದುವವರೂ ಇರಬಹುದು. ಅದು ಕೆಟ್ಟಷ್ಟು ಸಲ ಮತ್ತೇನೂ ಕೆಟ್ಟಿಲ್ಲ.

ಇನ್ನು ಪ್ರಯಾಣ. ನಮ್ಮ ದೋಣಿಯ ವೇಗ ಐದಾರು ನಾಟ್, ಅಂದರೆ ಗಂಟೆಗೆ ಹತ್ತು ಕಿಲೋಮೀಟರ್ ಆಸುಪಾಸು. ಸೈಕಲ್ಲು ನಮ್ಮನ್ನು ಹಿಂದಿಕ್ಕುತ್ತದೆ. ಗ್ರೆನಡಾದಿಂದ ಕ್ಯಾರಿಯಾಕೂಗೆ ಬರುವುದು ಒಂದು ಹಗಲಿನ ಕೆಲಸ. ಗಾಳಿ ಯಾವಾಗಲೂ ಪೂರ್ವದಿಂದ. ದ್ವೀಪದ ಪಶ್ಚಿಮ ಬದಿಯಲ್ಲಿ ಗುಡ್ಡಗಳ ಮರೆ ಇರುವಷ್ಟು ಹೊತ್ತು ಎಲ್ಲ ಸುಖ. ಉತ್ತರದ ತುದಿ ದಾಟಿದ ಕೂಡಲೇ ಅಟ್ಲಾಂಟಿಕ್‌ನ ಅಲೆ ನೇರ ಬಂದು ಬದಿಗೆ ಹೊಡೆಯುತ್ತದೆ, ಗಾಳಿ ಏಕಾಏಕಿ ಏರುತ್ತದೆ, ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ, ಅಷ್ಟರೊಳಗೆ ಹಾಯಿ ಕುಗ್ಗಿಸಿರಬೇಕು, ಕಪಾಟುಗಳ ಬಾಗಿಲು ಚಿಲಕ ಹಾಕಿರಬೇಕು, ಮಕ್ಕಳ ಲೈಫ್ ಜಾಕೆಟ್ಟಿಗೆ ಪಟ್ಟಿ ಸಿಕ್ಕಿಸಿರಬೇಕು. ಅದೇ ಜಾಗದಲ್ಲಿ ನೀರಿನಡಿ ಒಂದು ಜ್ವಾಲಾಮುಖಿ ಬೇರೆ ಇದೆ. ಹೆಸರು ಕಿಕ್ ಎಮ್ ಜೆನ್ನಿ, ಗ್ರೆನಡಾದಿಂದ 8 ಕಿಲೋಮೀಟರ್ ಉತ್ತರಕ್ಕೆ. 1939ರಲ್ಲಿ ಸ್ಫೋಟಿಸಿದಾಗಲೇ ಅಲ್ಲೊಂದು ಜ್ವಾಲಾಮುಖಿ ಇದೆ ಅಂತ ಗೊತ್ತಾದದ್ದು. ಅದರ ಸುತ್ತ ಒಂದೂವರೆ ಕಿಲೋಮೀಟರ್ ಒಳಗೆ ದೋಣಿ ಹೋಗಬಾರದು, ಚಟುವಟಿಕೆ ಜಾಸ್ತಿ ಕಂಡರೆ ಐದು ಕಿಲೋಮೀಟರ್. ಮೇಲಿಂದ ಏನೂ ಕಾಣುವುದಿಲ್ಲ, ಸುಮ್ನೆ ನೀಲಿ ನೀರು. ಮಗನಿಗೆ ಪ್ರತಿ ಸಲವೂ ನಿರಾಸೆ.

ವಾಲಿದ ದೋಣಿಯಲ್ಲಿ ಅಡುಗೆ ಹೇಗೆ ಅಂತ ಹೆಂಗಸರೆಲ್ಲ ಕೇಳುವ ಪ್ರಶ್ನೆ. ಒಲೆಯನ್ನು ಎರಡು ಬದಿಗೆ ತಿರುಗಣೆ ಹಾಕಿ ತೂಗುಬಿಟ್ಟಿರುತ್ತಾರೆ, ದೋಣಿ ಎಷ್ಟೇ ವಾಲಿದರೂ ಅದು ತೊಟ್ಟಿಲಿನ ಹಾಗೆ ತೂಗಿಕೊಂಡು ಮಟ್ಟವಾಗಿಯೇ ಇರುತ್ತದೆ. ಗೋಡೆ ಓರೆ, ನಾನು ಓರೆ, ಕುಕ್ಕರ್ ಮಾತ್ರ ನೆಟ್ಟಗೆ. ಮೊದಲು ನೋಡಿದವರಿಗೆ ತಲೆ ತಿರುಗುತ್ತದೆ. ಆ ಹೊತ್ತಿನಲ್ಲಿ ಗಂಜಿ ಬಿಟ್ಟು ಬೇರೇನೂ ಮಾಡುವುದಿಲ್ಲ. ಹೊಟ್ಟೆ ತೊಳಸುವವರಿಗೆ ಗಂಜಿ, ಉಪ್ಪಿನಕಾಯಿ, ಜೊತೆಗೆ ಶುಂಠಿ. ನಮ್ಮ ಕುಚ್ಚಿಲಕ್ಕಿ ಸಿಗುವುದಿಲ್ಲ, ಗಯಾನಾದಿಂದ ಬರುವ ಬೆಳ್ಳಗಿನ ಕುಚ್ಚಿಲಕ್ಕಿ ಸಿಗುತ್ತದೆ, ನಡೆಯುತ್ತದೆ. ದೋಸೆಗೆ ಅರೆಯುವುದು ಮಟಮಟ ಮಧ್ಯಾಹ್ನ, ಬ್ಯಾಟರಿ ತುಂಬಿದ ಮೇಲೆ.

ಆದರೆ ತರಕಾರಿ ಅಂಗಡಿಗೆ ಹೋದರೆ ನೀವೇ ನಂಬುವುದಿಲ್ಲ. ರಾಶಿ ರಾಶಿ ಜೀಗುಜ್ಜೆ! 1793ರಲ್ಲಿ ವಿಲಿಯಂ ಬ್ಲೈ ಎಂಬ ಕಪ್ತಾನ ತಾಹಿತಿಯಿಂದ ಜೀಗುಜ್ಜೆ ಗಿಡಗಳನ್ನು ಹಡಗಿನಲ್ಲಿ ತಂದು ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಇಳಿಸಿದ. ಕಬ್ಬಿನ ತೋಟದಲ್ಲಿ ದುಡಿಯುವ ಗುಲಾಮರಿಗೆ ಖರ್ಚಿಲ್ಲದ ಊಟ ಆಗಲಿ ಅಂತ ಅಷ್ಟು ದೂರದಿಂದ ತಂದದ್ದು. ಈಗ ಅದು ಇಲ್ಲಿ ಮನೆಯ ಊಟ. ಇಡೀ ಕಾಯಿಯನ್ನು ಕೆಂಡದಲ್ಲಿ ಸುಟ್ಟು ಸಿಪ್ಪೆ ಕೆರೆದು ತಿನ್ನುತ್ತಾರೆ. ಗ್ರೆನಡಾದಲ್ಲಿ ಅದನ್ನೇ ಹೋಳು ಮಾಡಿ, ತೆಂಗಿನ ಹಾಲು, ಅರಸಿನ, ಉಪ್ಪು ಹಾಕಿದ ಮಾಂಸ, ಮೇಲೆ ಕೆಸುವಿನ ಎಲೆ ಮುಚ್ಚಿ ಹಾಲು ಇಂಗುವ ತನಕ ಬೇಯಿಸುತ್ತಾರೆ, ಆಯಿಲ್ ಡೌನ್ ಅಂತ ಹೆಸರು. ಮಾಂಸ ಬಿಟ್ಟು ನಾನೂ ಮಾಡುತ್ತೇನೆ. ಕೆಸುವಿನ ಎಲೆ ಅಷ್ಟು ಸಸಾರವಾಗಿ ಸಿಗುವಾಗ ಪತ್ರೊಡೆ ಮಾಡದೇ ಇರಲಿಕ್ಕಾಗುತ್ತದಾ? ಪಕ್ಕದ ದೋಣಿಯ ಫ್ರೆಂಚ್ ಹುಡುಗರು ಒಂದು ಸಲ ಪತ್ರೊಡೆ ತಿಂದ ಮೇಲೆ, ಕುಕ್ಕರ್ ವಿಸಿಲ್ ಕೇಳಿದರೆ ಸಾಕು, ಡಿಂಗಿ (ದಡಕ್ಕೆ ಹೋಗಿಬರುವ ಪುಟ್ಟ ದೋಣಿ) ಹತ್ತಿ ಬರುತ್ತಾರೆ. ಜೀಗುಜ್ಜೆ ಪೋಡಿ ಮಾಡಿದ ದಿನ ಕೇಳುವುದೇ ಬೇಡ.

ಜಾಯಿಕಾಯಿಯೂ ಇದೆ, ಗ್ರೆನಡಾದ ಬಾವುಟದಲ್ಲೇ ಅದರ ಚಿತ್ರ ಇದೆ. ನಮ್ಮಲ್ಲಿ ಅಡಕೆ ತೋಟದ ನಡುವೆ ಉಪಬೆಳೆಯಾಗಿ ಇಡುತ್ತಾರೆ, ಇಲ್ಲಿ ಅದೇ ಮುಖ್ಯ ಬೆಳೆಯಾಗಿತ್ತು. 2004ರ ಐವನ್ ಚಂಡಮಾರುತ ಹೆಚ್ಚಿನ ಮರಗಳನ್ನು ಮಗುಚಿತು. ಹೊಸ ಸಸಿ ಫಸಲಿಗೆ ಬರಲು ಏಳೆಂಟು ವರ್ಷ ಬೇಕು, ಅದು ತೋಟ ಇದ್ದವರಿಗೆ ಹೇಳಬೇಕಾಗಿಲ್ಲ.

ಕ್ಯಾರಿಯಾಕೂನಿಂದ ಎದುರಿಗೆ ಕಾಣುವ ಯೂನಿಯನ್ ದ್ವೀಪ ಬೇರೆ ದೇಶ, ಸೇಂಟ್ ವಿನ್ಸೆಂಟ್‌ಗೆ ಸೇರಿದ್ದು. ಎರಡು ಗಂಟೆ ದಾರಿಗೆ ಇಲ್ಲಿ ಪಾಸ್‌ಪೋರ್ಟಿಗೆ ಹೊರಹೋಗುವ ಸೀಲು, ಅಲ್ಲಿ ಹಳದಿ ಬಾವುಟ ಏರಿಸಿ ಕಾಯುವುದು, ಕಸ್ಟಮ್ಸ್, ಇಮಿಗ್ರೇಶನ್, ಮತ್ತೆ ಸೀಲು. ಅಲ್ಲಿಯವರೆಗೆ ಮಕ್ಕಳು ದಡಕ್ಕೆ ಕಾಲಿಡುವ ಹಾಗಿಲ್ಲ. ಇಲ್ಲಿಯವರ ಬಂಧುಗಳು ಅಲ್ಲಿ, ಅಲ್ಲಿಯವರ ಅಂಗಡಿ ಇಲ್ಲಿ, ನಡುವೆ ಗೆರೆ. ಕೇರಳ ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಕಾಲೇಜಿಗೂ ಆಸ್ಪತ್ರೆಗೂ ಹೋಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ? 2020ರಲ್ಲಿ ಆ ಗಡಿ ಮುಚ್ಚಿದ್ದು ನೆನಪಿದೆ ಅಲ್ವಾ.

ಮಕ್ಕಳ ಶಾಲೆ ದೋಣಿಯಲ್ಲೇ. ಬೆಳಗ್ಗೆ 7 ಗಂಟೆಗೆ ಊರಲ್ಲಿ ಸಂಜೆ ನಾಲ್ಕೂವರೆ, ಅತ್ತೆಯ ಚಹಾದ ಹೊತ್ತು. ಅವರು ಶಾಲೆಯಲ್ಲಿ ಟೀಚರ್ ಆಗಿದ್ದವರು, ವೀಡಿಯೋದಲ್ಲೇ ಕನ್ನಡ ಕಾಗುಣಿತ, ಮಗ್ಗಿ ಎಲ್ಲ ಮಾಡಿಸುತ್ತಾರೆ. ಭಾಷೆಯ ವಿಷಯದಲ್ಲಿ ನನಗೆ ಚಿಂತೆ ಇಲ್ಲ. ಮನೆಯಲ್ಲಿ ಕನ್ನಡ, ಅಪ್ಪನ ಜೊತೆ ತುಳು, ಪಕ್ಕದ ದೋಣಿಯಲ್ಲಿ ಫ್ರೆಂಚ್, ದಡದಲ್ಲಿ ಇಲ್ಲಿನವರ ಇಂಗ್ಲಿಷ್. ನಾವೂ ಅಂಗಡಿಯಲ್ಲಿ ಮಲಯಾಳ, ಬಸ್ಸಿನಲ್ಲಿ ಬ್ಯಾರಿ, ದೇವಸ್ಥಾನದಲ್ಲಿ ಕೊಂಕಣಿ ಕೇಳುತ್ತಾ ಬೆಳೆದವರೇ ತಾನೇ. ಕೊರತೆ ಇರುವುದು ಗೆಳೆಯರದ್ದು. ಜೊತೆಗಾರರ ದೋಣಿ ಉತ್ತರಕ್ಕೆ ಹೊರಟ ದಿನ ಮಗಳು ಊಟ ಬಿಡುತ್ತಾಳೆ. ಇದಕ್ಕೆ ನನ್ನಲ್ಲಿ ಪರಿಹಾರ ಇಲ್ಲ. ಮಕ್ಕಳಿರುವ ದೋಣಿಗಳು ಆದಷ್ಟು ಒಟ್ಟಿಗೆ ಸಾಗುತ್ತೇವೆ, ಅಷ್ಟೇ.

ದೋಣಿಯ ಹೆಸರು ಪಯಸ್ವಿನಿ, ನಮ್ಮ ಹೊಳೆಯದ್ದೇ. ರೇಡಿಯೋದಲ್ಲಿ ಯಾರಿಗೂ ಅರ್ಥವಾಗುವುದಿಲ್ಲ, ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಗೊತ್ತುಮಾಡಿದ ಒಂದೊಂದು ಪದದಿಂದ ಅಕ್ಷರ ಬಿಡಿಸಿ ಹೇಳಬೇಕು. ಆ ಕೆಲಸ ಮಗನದ್ದು: ಪಾಪಾ, ಆಲ್ಫಾ, ಯಾಂಕೀ, ಆಲ್ಫಾ, ಸಿಯೆರಾ, ವಿಸ್ಕಿ, ಇಂಡಿಯಾ, ನವೆಂಬರ್, ಇಂಡಿಯಾ. ಒಂದು ದಿನ ಅತ್ತೆ ಫೋನಿನಲ್ಲಿರುವಾಗಲೇ ಇದನ್ನು ಹೇಳಿದ. "ಅವನಿಗೆ ವಿಸ್ಕಿ ಯಾರು ಕಲಿಸಿದ್ದು?" ಅಂತ ನನಗೇ ಬೈಗುಳ.

ಇಷ್ಟವಿಲ್ಲದ್ದೂ ಇದೆ. 2011ರ ನಂತರ ರಾಶಿಗಟ್ಟಲೆ ತೇಲಿಬರುತ್ತಿರುವ ಸರ್ಗಾಸಮ್ ಪಾಚಿ ದಡದಲ್ಲಿ ಕೊಳೆತರೆ ಕೊಳೆತ ಮೊಟ್ಟೆಯ ವಾಸನೆ. ರಾತ್ರಿ ಗಾಳಿ ತಿರುಗಿದರೆ ಲಂಗರು ಜಾರಿತಾ ಅಂತ ಎದ್ದು ನೋಡಬೇಕು. ಜಗಳವಾದರೆ ಬಾಗಿಲು ಹಾಕಿಕೊಂಡು ಕೂರಲು ಇನ್ನೊಂದು ಕೋಣೆ ಇಲ್ಲ. ಒಬ್ಬರು ಡಿಂಗಿ ತಗೊಂಡು ದಡಕ್ಕೆ ಹೋಗಬೇಕು, ಉಳಿದವರು ಡಿಂಗಿ ಇಲ್ಲದೆ ಸಿಕ್ಕಿಬೀಳುತ್ತಾರೆ.

ಭಾವ ಮತ್ತು ಅಕ್ಕ ಮುಂದಿನ ಸಲ ಬರುತ್ತೇವೆ ಅಂದಿದ್ದಾರೆ. ಭಾವನಿಗೆ ತಾರೀಕು ಬೇಕು, ಊರೂ ಬೇಕು. ಅವೆರಡರಲ್ಲಿ ಒಂದನ್ನು ಮಾತ್ರ ಹೇಳಬಲ್ಲೆವು ಭಾವಯ್ಯ. ತಾರೀಕು ನೀವು ಹೇಳಿ, ಆ ದಿನ ನಾವಿರುವ ದ್ವೀಪಕ್ಕೆ ನೀವೇ ಬರಬೇಕು. ಹಾಗಲ್ಲದೆ ದ್ವೀಪ ನೀವೇ ಆರಿಸಿಕೊಳ್ಳಿ, ಗಾಳಿ ಬಿಟ್ಟ ದಿನ ನಾವು ಬರುತ್ತೇವೆ. ಮಾರ್ಟಿನಿಕ್ ಅಂದರೆ ಫ್ರಾನ್ಸ್ ಸರಕಾರದ್ದು, ನಮ್ಮ ಪಾಸ್‌ಪೋರ್ಟಿಗೆ ಮೊದಲೇ ವೀಸಾ ಬೇಕು, ಅದನ್ನು ಬಿಟ್ಟುಬಿಡಿ. ಚಕ್ರದ ಗಟ್ಟಿ ಸೂಟ್‌ಕೇಸ್ ಬೇಡ, ಇಡಲು ಜಾಗವಿಲ್ಲ, ಮಡಚಿಡುವ ಬಟ್ಟೆಯ ಚೀಲ ತನ್ನಿ. ಬ್ಯಾಡಗಿ ಮೆಣಸು, ಕುಚ್ಚಿಲಕ್ಕಿ, ಹಲಸಿನ ಹಪ್ಪಳ ಎಷ್ಟು ತಂದರೂ ಆದೀತು. ಮತ್ತೆ, ರಟ್ಟಿನ ಪೆಟ್ಟಿಗೆಯಲ್ಲಿ ಜಿರಳೆ ಮೊಟ್ಟೆ ಬರುತ್ತದೆ ಅಂತ ದೋಣಿಯೊಳಗೆ ರಟ್ಟು ತರುವಂತಿಲ್ಲ, ಹಾಗಾಗಿ ಪೆಟ್ಟಿಗೆ ದಡದಲ್ಲೇ ಉಳಿಯುತ್ತದೆ, ಹಪ್ಪಳ ಮಾತ್ರ ದೋಣಿ ಹತ್ತುತ್ತದೆ.